ಸೆರಗಿನ ಪಿನ್ನು

ದೋಸೆ ಸೀದ ವಾಸನೆ ಮೂಗಿಗೆ ಹೊಡೆದರೂ ಸರ್ವಮಂಗಳಾ ಅಡುಗೆಮನೆಯ ಕಿಟಕಿ ಬಿಟ್ಟು ಕದಲಲಿಲ್ಲ. ಎದುರಿನ ಪೋರ್ಷನ್ನಿನ ಹಾಲಿನಲ್ಲಿ ವಿಶ್ವಾರಾಧ್ಯ ಹೆಂಡತಿಯ ಮುಂದೆ ಮಂಡಿಯೂರಿ ಕೂತಿದ್ದ. ಅವಳ ಸೀರೆಯ ನೆರಿಗೆಗಳನ್ನು ಒಂದೊಂದಾಗಿ ಬೆರಳ ಸಂದಿಗೆ ತೆಗೆದುಕೊಳ್ಳುತ್ತಿದ್ದ. ತುದಿ ಸಮ ಮಾಡಿ, ಅಂಗೈಯಿಂದ ಇಸ್ತ್ರಿ ಹಾಕಿದ ಹಾಗೆ ತೀಡಿ, ಎದ್ದು ನಿಂತು ಸೊಂಟಕ್ಕೆ ಸಿಕ್ಕಿಸಿದ. ಮಾನ್ಯ ಎರಡೂ ತೋಳುಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು. ಆಮೇಲೆ ಅವನು ಸೆರಗಿನ ಮಡಿಕೆಗಳನ್ನು ಅವಳ ಭುಜದ ಮೇಲೆ ಕೂಡಿಸಿ, ತುಟಿಗಳ ನಡುವೆ ಹಿಡಿದುಕೊಂಡಿದ್ದ ಪಿನ್ನನ್ನು ತೆಗೆದು ಚುಚ್ಚಿದ. ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದ. ಹಾಗೆ ನೋಡುವಾಗ ಅವನ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು. ಸರ್ವಮಂಗಳಾಳಿಗೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿದ್ದದ್ದು ಆ ಮುಖವನ್ನು ನೋಡಿಯೇ.

"ಏನೋ ಸೀದ್ಹೋಗ್ತಿದೆ ನೋಡೇ," ಎಂದು ಹಾಲಿನಿಂದ ಗಂಡ ಗೌರೀಶ್ ಹೇಳಿದ. ಪೇಪರಿನಿಂದ ತಲೆ ಎತ್ತದೆ ಹೇಳಿದ ಎನ್ನುವುದು ನೋಡದೆಯೇ ಅವಳಿಗೆ ಗೊತ್ತು.

ಚಾಮರಾಜಪೇಟೆಯ ಆ ಹಳೆಯ ಮನೆಯ ಮಹಡಿಯನ್ನು ವಿಶಾಲಮ್ಮನವರು ಎರಡು ಪೋರ್ಷನ್ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಅವರೇ ಇದ್ದರು. ಮಹಡಿಯ ಎರಡು ಮನೆಗಳ ನಡುವೆ ಬೆಳಕಿಗೆಂದು ಬಿಟ್ಟ ಕಿರಿದಾದ ಜಾಗ. ಇತ್ತ ಒಗ್ಗರಣೆ ಹಾಕಿದರೆ ಅತ್ತ ಸೀನಬೇಕು, ಅಷ್ಟು ಹತ್ತಿರ. ವಿಶ್ವಾರಾಧ್ಯ ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಗಿರಾಕಿಗಳ ಮುಂದೆ ಸೀರೆ ಬಿಚ್ಚಿ, ತನ್ನ ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೆರಿಗೆ ಹಿಡಿದು ತೋರಿಸುವುದರಲ್ಲಿ ಅವನದು ಎತ್ತಿದ ಕೈ. ಮದುವೆ ಸೀರೆ ತೆಗೆಯಲು ಬಂದವರು "ಆ ತೆಳ್ಳಗಿನ ಹುಡುಗ ಇಲ್ವಾ" ಎಂದು ಅವನನ್ನೇ ಕೇಳುತ್ತಾರಂತೆ. ಸರ್ವಮಂಗಳಾ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಮಗಳು ಓದಲು ದಾವಣಗೆರೆಗೆ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾಗಿ, ಹೊತ್ತು ಹೋಗಲೆಂದು ಹಿಡಿದ ಕೆಲಸ ಅದು. ಅಂಗಡಿಯ ಸೀರೆಗಳನ್ನು ಅವಳಿಗೆ ತಂದುಕೊಡುತ್ತಿದ್ದವನೂ ವಿಶ್ವಾರಾಧ್ಯನೇ. "ಅಕ್ಕ" ಎಂದೇ ಮಾತು ಶುರು ಮಾಡುತ್ತಿದ್ದ. ಅವನು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

ಇಂಥ ಗಂಡ! ಅಂಗಡಿಗೆ ಹೊರಡುವ ಮುಂಚೆ ದಿನಾ ಹೆಂಡತಿಗೆ ಸೀರೆ ಉಡಿಸಿ ಹೋಗುತ್ತಾನೆ. ರಾತ್ರಿ ಊಟದ ಹೊತ್ತಿಗೆ ಬಂದು ಮೊದಲು ಮಾಡುವ ಕೆಲಸ ಅವಳನ್ನು ದೀಪದ ಕೆಳಗೆ ನಿಲ್ಲಿಸಿಕೊಂಡು ನೋಡುವುದು. ಸುತ್ತ ಒಂದು ಸಲ ತಿರುಗಿಸುತ್ತಾನೆ. ಹೊಸ ಸೀರೆಯೇನಲ್ಲ, ಬೆಳಿಗ್ಗೆ ಉಡಿಸಿದ್ದೇ. ಆದರೂ ನೋಡುತ್ತಾನೆ. ಗೌರೀಶ್ ತನ್ನನ್ನು ಹೀಗೆ ದೀಪದ ಕೆಳಗೆ ನಿಲ್ಲಿಸಿ ನೋಡಿದ್ದು ಯಾವಾಗ? ಹೆಣ್ಣು ನೋಡಲು ಬಂದಾಗಲೂ ಅವನು ಉಪ್ಪಿಟ್ಟಿನ ಕಡೆಗೇ ಹೆಚ್ಚು ನೋಡಿದ್ದ. ಹೋದ ವರ್ಷ ತಂಗಿಯ ಗೃಹಪ್ರವೇಶಕ್ಕೆ ಅವಳು ರೇಷ್ಮೆ ಸೀರೆ ಉಟ್ಟು ಹೊರಟಾಗ "ಗ್ಯಾಸ್ ಆಫ್ ಮಾಡಿದ್ಯಾ" ಎಂದು ಕೇಳಿದ್ದ.

ಮಾನ್ಯ ಮಧ್ಯಾಹ್ನ ಒಮ್ಮೊಮ್ಮೆ ಬಂದು ಕೂರುತ್ತಿದ್ದಳು. ಕುಚ್ಚು ಕಟ್ಟುವುದನ್ನು ನೋಡುತ್ತಿದ್ದಳು. ಮದುವೆಗೆ ಮುಂಚೆ ರಕ್ತಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ರಿಸೆಪ್ಶನ್ನಿನಲ್ಲಿದ್ದಳಂತೆ. ತವರು ದೂರವೇನಲ್ಲ, ಮತ್ತಿಕೆರೆ. ಅಣ್ಣ, ಅಮ್ಮ ಇದ್ದಾರೆ. ಯುಗಾದಿಗೆ ಹೋಗಿ ಬಂದಿದ್ದೇ ಕೊನೆ. ಯಾಕಮ್ಮ ಎಂದರೆ, "ಅವರಿಗೆ ಬಿಟ್ಟಿರೋಕಾಗಲ್ಲ ಅಕ್ಕ" ಎಂದು ನೆಲ ನೋಡುತ್ತಿದ್ದಳು. ಅದನ್ನು ಸರ್ವಮಂಗಳಾ ನಾಚಿಕೆ ಎಂದುಕೊಂಡಳು. ಒಂದು ದಿನ ಮಾತಾಡುತ್ತಾ ತೂಕಡಿಸಿದವಳಿಗೆ, "ಚಾಪೆ ಹಾಸ್ತೀನಿ, ಸ್ವಲ್ಪ ಹೊತ್ತು ಅಡ್ಡಾಗು" ಎಂದಳು. ಬೇಡ, ಸೀರೆ ಸುಕ್ಕಾಗುತ್ತೆ ಎಂದು ಮಾನ್ಯ ಗೋಡೆಗೂ ಒರಗದೆ ಕೂತಳು. ನೈಟಿ ಹಾಕಿಕೊಂಡು ಆರಾಮಾಗಿ ಇರಬಾರದಾ ಎಂದದ್ದಕ್ಕೆ, "ಅವರಿಗೆ ಇಷ್ಟ ಆಗಲ್ಲ" ಎಂದಳು. ಬಣ್ಣ ಹೋದ ನೈಟಿಯ ಮೇಲೆ ಟವೆಲ್ ಹೊದ್ದು ಕೂತಿದ್ದ ಸರ್ವಮಂಗಳಾಳಿಗೆ ಅದು ತನಗೇ ಹೇಳಿದ ಮಾತಿನ ಹಾಗೆ ಕೇಳಿತು. ಇಡೀ ದಿನ ಮದುವೆಮನೆಗೆ ಹೊರಟವಳ ಹಾಗೆ ಮಡಿಕೆ ಕೆಡದಂತೆ ಕೂತಿರುವುದು ಜಂಬವಲ್ಲದೆ ಇನ್ನೇನು? ಅವಳು ಎದ್ದು ಹೋದ ಮೇಲೆ ಸರ್ವಮಂಗಳಾ ಕನ್ನಡಿಯ ಮುಂದೆ ನಿಂತು, ಟವೆಲನ್ನೇ ಮಡಿಕೆ ಮಾಡಿ ಭುಜಕ್ಕೆ ಹಾಕಿಕೊಂಡು ನೋಡಿದಳು. ಆಮೇಲೆ ನಾಚಿ ತೆಗೆದಳು.

ಶ್ರಾವಣ ಸೋಮವಾರ ಸಂಜೆ ವಿಶಾಲಮ್ಮನವರ ಮನೆಯಲ್ಲಿ ಭಜನೆ. ಬೀದಿಯ ಹೆಂಗಸರೆಲ್ಲ ಬಂದು ಜಮಖಾನದ ಮೇಲೆ ಸಾಲಾಗಿ ಕೂತಿದ್ದರು. ಮಾನ್ಯಳನ್ನು ಕಳಿಸಬೇಕೆಂದು ವಿಶಾಲಮ್ಮನವರೇ ವಿಶ್ವಾರಾಧ್ಯನಿಗೆ ಹೇಳಿದ್ದರಿಂದ ಅವಳೂ ಬಂದಿದ್ದಳು. ತಿಳಿಹಸಿರು ಮೈಸೂರು ಸಿಲ್ಕ್. ಬಂದವರೆಲ್ಲ ಒಂದು ಸಲ ಅವಳನ್ನು ನೋಡಿಯೇ ಕೂತರು.

"ಗಂಡ ಉಡಿಸಿದ್ದಂತೆ ಕಣ್ರೇ," ಎಂದರು ವಿಶಾಲಮ್ಮ, ಆರತಿ ತಟ್ಟೆ ಒರೆಸುತ್ತಾ. "ನಮ್ಮ ಯಜಮಾನ್ರು ಶಂಭುಲಿಂಗಪ್ಪನವರು ಇದ್ರಲ್ಲ, ಅವರಿಗೆ ಪಂಚೆ ನಾನು ಉಡಿಸ್ಬೇಕಿತ್ತು."

ಎಲ್ಲರೂ ನಕ್ಕರು. ಮಾನ್ಯಳೂ ನಕ್ಕಳು. ಸರ್ವಮಂಗಳಾಳಿಗೆ ಜಾಗ ಸಿಕ್ಕಿದ್ದು ಅವಳ ಬೆನ್ನಿಗೇ. ಹಾಡು ಶುರುವಾಯಿತು. ಮಾನ್ಯಳ ಗಂಟಲು ಚೆನ್ನಾಗಿತ್ತು, ಅದೂ ಈಗಲೇ ಗೊತ್ತಾಗಬೇಕೇ? ಕಣ್ಣು ಮುಚ್ಚಿ ಹಾಡುತ್ತಿದ್ದಳು. ಸರ್ವಮಂಗಳಾಳ ಮೂಗಿನ ನೇರಕ್ಕೆ ಆ ಭುಜ, ಆ ಮಡಿಕೆಗಳು. ಪಿನ್ನು ಎಲ್ಲರ ಹಾಗೆ ಮೇಲಿನಿಂದ ಚುಚ್ಚಿದ್ದಲ್ಲ. ಒಳಗಿನಿಂದ ತೂರಿಸಿ, ತಲೆಯನ್ನು ಬೆನ್ನ ಕಡೆಗೆ, ಕೆಳಮುಖವಾಗಿ ಇಟ್ಟಿದ್ದ. ಹೇಗೆ ಹಾಕಿದ್ದಾನೆ, ತೆಗೆದು ನೋಡಿದರೆ ತಿಳಿಯುತ್ತದೆ ಎನಿಸಿತು. ಅದು ನಿಜವೂ ಹೌದು. ಆದರೆ ಅದಕ್ಕಿಂತ ನಿಜವಾದದ್ದು ಇನ್ನೊಂದಿತ್ತು. ಆ ಮಡಿಕೆಗಳು ಕುಸಿಯುವುದನ್ನು ಅವಳಿಗೆ ನೋಡಬೇಕಿತ್ತು.

ಕುಚ್ಚು ಕಟ್ಟಿ ಪಳಗಿದ ಬೆರಳುಗಳು. ಪಿನ್ನು ಸದ್ದಿಲ್ಲದೆ ಬಿಚ್ಚಿಕೊಂಡು ಕೈಗೆ ಬಂತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮಾನ್ಯ ತಾಳ ಹಾಕಲು ಕೈ ಎತ್ತಿದಾಗ ಸೆರಗು ನೀರಿನ ಹಾಗೆ ಜಾರಿ ತೋಳಿನ ಮೇಲೆ ಬಿತ್ತು.

ಅವಳ ಹಾಡು ಅಲ್ಲಿಗೇ ನಿಂತಿತು. ಸುತ್ತಲಿನವರು ಹಾಡುತ್ತಲೇ ಇದ್ದರು. "ಪಿನ್ ಬಿಚ್ಕೊಂಡಿತ್ತು, ಇರು ಹಾಕ್ತೀನಿ," ಎಂದು ಸರ್ವಮಂಗಳಾ ಪಿಸುಗುಟ್ಟಿ, ಮಡಿಕೆಗಳನ್ನು ಒಟ್ಟು ಮಾಡಿ, ಮೇಲಿನಿಂದ ಎಲ್ಲರೂ ಹಾಕುವ ಹಾಗೆ ಹಾಕಿದಳು. ಮಾನ್ಯ ತಿರುಗಿ ನೋಡಿದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕ, ತಲೆ ಯಾವ ಕಡೆ ಇತ್ತು?"

"ಯಾವ ತಲೆ?"

"ಪಿನ್ನಿಂದು. ಮೇಲಿತ್ತಾ, ಒಳಗಿತ್ತಾ? ಹೇಳಿ ಅಕ್ಕ."

ಸರ್ವಮಂಗಳಾಳಿಗೆ ಗೊತ್ತಿತ್ತು. ಗೊತ್ತು ಎಂದರೆ, ತಾನೇ ತೆಗೆದದ್ದು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅದೂ ಅಲ್ಲದೆ, ಒಂದು ಪಿನ್ನಿಗೆ ಇಷ್ಟು ಒದ್ದಾಡುವ ಅವಳ ನಾಜೂಕು ನೋಡಿ ಮೈ ಉರಿಯಿತು. "ನಾನೇನು ನೋಡ್ಕೊಂಡು ಕೂತಿದ್ನಾ? ಯಾವ ಕಡೆ ಇದ್ರೇನು ಬಿಡು," ಎಂದಳು.

ಮಾನ್ಯ ಮಂಗಳಾರತಿಗೆ ನಿಲ್ಲಲಿಲ್ಲ. ಮೇಲೆ ಹೋಗಿ, ಕನ್ನಡಿಯ ಮುಂದೆ ಬೆನ್ನು ತಿರುಗಿಸಿಕೊಂಡು, ಕತ್ತು ಹೊರಳಿಸಿ ಪಿನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದುದು ಆಮೇಲೆ ಅಡುಗೆಮನೆ ಕಿಟಕಿಯಿಂದ ಕಂಡಿತು. ಸರ್ವಮಂಗಳಾ ಅನ್ನಕ್ಕಿಟ್ಟು ನೋಡುತ್ತಾ ನಿಂತಳು. ಅವಳೊಳಗೆ ಎಲ್ಲೋ ಒಂದು ಕಡೆ ತಣ್ಣಗಾಗಿತ್ತು, ಸುಳ್ಳು ಹೇಳಬಾರದು.

ವಿಶ್ವಾರಾಧ್ಯ ಬಂದ. ಅವಳನ್ನು ದೀಪದ ಕೆಳಗೆ ನಿಲ್ಲಿಸಿಕೊಂಡ, ತಿರುಗಿಸಿದ. ನಿಲ್ಲಿಸಿದ. ಆಮೇಲೆ ಬಂದು ಕಿಟಕಿ ಹಾಕಿದ. ಮುಚ್ಚಿದ ಕಿಟಕಿಯಾಚೆಯಿಂದ ಅವನ ದನಿ ಬರುತ್ತಿತ್ತು. ಬೈಗುಳವಲ್ಲ, ಕೂಗಾಟವಲ್ಲ. ಗಿರಾಕಿಗೆ ಸೀರೆಯ ಬಣ್ಣ ಕೇಳುವ ಅದೇ ಸಮಾಧಾನದ ದನಿಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ನಡುವೆ, ಮಡಿಸಿದ ಸೀರೆಗಳ ಗಂಟು ನೆಲಕ್ಕೆ ಬಿದ್ದಂಥ ಸದ್ದು. ಕುಕ್ಕರ್ ಕೂಗಿತು. ಅದು ನಿಂತ ಮೇಲೆ ಆಚೆಯ ಮನೆಯಲ್ಲಿ ನಲ್ಲಿ ನೀರು ಹರಿಯುವ ಸದ್ದಷ್ಟೇ ಇತ್ತು, ಬಹಳ ಹೊತ್ತು.

ಏನೂ ಇರಲಾರದು ಎಂದುಕೊಂಡಳು ಸರ್ವಮಂಗಳಾ. ಗಂಡಹೆಂಡಿರು ಅಂದಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಮಾರನೆಯ ದಿನ ಆ ಕಿಟಕಿ ತೆರೆಯಲಿಲ್ಲ, ಅದರ ಮಾರನೆಯ ದಿನವೂ. ಬುಧವಾರವೋ ಗುರುವಾರವೋ ತಾರಸಿಯ ಮೇಲೆ ಮಾನ್ಯ ಬಟ್ಟೆ ಒಣಹಾಕುತ್ತಿದ್ದಳು. ತಂತಿಗೆ ಕೈ ಎತ್ತಿದಾಗ ಸೆರಗು ಕೊಂಚ ಸರಿದು, ಕುತ್ತಿಗೆಗೂ ರವಿಕೆಯ ಅಂಚಿಗೂ ನಡುವೆ ಕೆಂಪು ಚುಕ್ಕೆಗಳು ಕಂಡವು. ಬೆವರುಸಾಲೆ ಎಂದುಕೊಂಡಳು ಸರ್ವಮಂಗಳಾ. ಪೌಡರ್ ಹಾಕ್ಕೋ ಎನ್ನಲು ಬಾಯಿ ತೆರೆದಳು. ಆದರೆ ಬೆವರುಸಾಲೆ ಹೀಗೆ ಏಳುವುದಿಲ್ಲ. ಇವು ಹೊಲಿಗೆ ಹಾಕಿದ ಹಾಗೆ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಇದ್ದವು. ಅಚ್ಚುಕಟ್ಟಾದ ಕೈಯ ಕೆಲಸ.

ಮಾನ್ಯ ಸೆರಗು ಸರಿಮಾಡಿಕೊಂಡು ಖಾಲಿ ಬಕೆಟ್ ಎತ್ತಿಕೊಂಡು ಹೋದಳು. ಸರ್ವಮಂಗಳಾ ತನ್ನ ಬಟ್ಟೆಗಳನ್ನು ಹಿಂಡದೆ ಹಾಗೇ ತಂತಿಗೆ ಹಾಕಿದಳು. ನೀರು ಕಾಲ ಮೇಲೆ ಸುರಿಯಿತು.

ಆಮೇಲಿನ ದಿನಗಳಲ್ಲಿ ಅವಳು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಅವನು ತಪ್ಪು ತಿಳಿದಿದ್ದಾನೆ, ಅಷ್ಟೇ. ಬೇರೆ ಯಾರೋ ಗಂಡಸು ಸೆರಗಿಗೆ ಕೈ ಹಾಕಿದ್ದಾನೆಂದು ತಿಳಿದಿದ್ದಾನೆ. ಹಾಕಿದ್ದು ನಾನು ಎಂದು ಗೊತ್ತಾದರೆ ಮುಗಿಯಿತು. ಆದರೆ ಯಾಕೆ ಹಾಕಿದಿರಿ ಎಂದರೆ? ಗೌರೀಶ್‌ನಿಗೆ ಹೇಳಲು ಹೋದಳು. ಅವನು ಕ್ರಿಕೆಟ್ ನೋಡುತ್ತಿದ್ದ. ಆದರೂ ಅಷ್ಟಿಷ್ಟು ಹೇಳಿದಳು. "ಅವರ ಮನೆ ವಿಷಯ ನಮಗ್ಯಾಕೆ," ಎಂದು ಅವನು ಸೌಂಡ್ ಜಾಸ್ತಿ ಮಾಡಿದ.

ಭಾನುವಾರ ಅಂಗಡಿಗೆ ರಜ. ಬೆಳಿಗ್ಗೆ ವಿಶ್ವಾರಾಧ್ಯ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಸೀರೆಗಳ ಕವರ್ ಹಿಡಿದು ಬಂದ. ಶುಕ್ರವಾರಕ್ಕೆ ಬೇಕಂತೆ, ಮದುವೆ ಪಾರ್ಟಿ, ಮುತ್ತಿನ ಕುಚ್ಚು ಕೇಳಿದ್ದಾರೆ ಎಂದು ಒಂದೊಂದನ್ನೇ ಬಿಚ್ಚಿ ತೋರಿಸಿದ. ಮಾನ್ಯಳಿಗೆ ಹುಷಾರಿಲ್ಲ ಎಂದ. ಆಮೇಲೆ ಸೀರೆ ಮಡಿಸುತ್ತಾ, ಏನೋ ನೆನಪಾದವನ ಹಾಗೆ ಕೇಳಿದ.

"ಸೋಮವಾರ ಭಜನೇಲಿ ಮಾನ್ಯ ಪೂರ್ತಿ ಕೂತಿದ್ಲಾ ಅಕ್ಕ? ಮಧ್ಯ ಎಲ್ಲಾದ್ರೂ ಎದ್ದು ಹೋಗಿದ್ಲಾ?"

ಗೌರೀಶ್ ಪೇಪರಿನ ಹಿಂದೆ ಇದ್ದ. ಸರ್ವಮಂಗಳಾ ಮುತ್ತಿನ ಡಬ್ಬಿಯ ಮುಚ್ಚಳ ಹಾಕಿದಳು.

"ಪಿನ್ ತೆಗ್ದಿದ್ದು ನಾನು."

"ಏನಂದ್ರಿ?"

"ಅವಳ ಸೆರಗಿನ ಪಿನ್. ಹಿಂದೆ ಕೂತಿದ್ದೆ. ನಾನೇ ತೆಗೆದೆ, ನಾನೇ ಹಾಕಿದೆ. ಅವಳಿಗೆ ಏನೂ ಗೊತ್ತಿಲ್ಲ."

ಅವನು ನಕ್ಕ. ಗಿರಾಕಿ ತೀರಾ ಕಡಿಮೆ ಬೆಲೆ ಕೇಳಿದಾಗ ನಗುವ ಹಾಗೆ. "ನೀವ್ಯಾಕೆ ತೆಗೀತೀರಾ ಅಕ್ಕ?"

"ಹೊಟ್ಟೆಕಿಚ್ಚಿಗೆ," ಎಂದಳು ಸರ್ವಮಂಗಳಾ. ಹೇಳಿದ ಮೇಲೆ ಕಿವಿಯವರೆಗೂ ಬಿಸಿಯಾಯಿತು. "ದಿನಾ ನೋಡ್ತೀನಲ್ಲ, ಅಡುಗೆಮನೆ ಕಿಟಕಿಯಿಂದ. ನನಗೆ ಯಾರೂ ಹಾಗೆ ಉಡಿಸಿಲ್ಲ. ಅದಕ್ಕೇ."

ಪೇಪರ್ ನಿಧಾನಕ್ಕೆ ಕೆಳಗಿಳಿಯಿತು. ವಿಶ್ವಾರಾಧ್ಯ ಸೀರೆಯ ಅಂಚನ್ನು ಅಂಚಿಗೆ ಕೂಡಿಸಿ, ಗಾಳಿ ಹೋಗುವಂತೆ ಒತ್ತಿದ. ಅವನು ಯೋಚಿಸುತ್ತಿದ್ದ. ಒಪ್ಪಿದನೆಂದೇ ಸರ್ವಮಂಗಳಾ ಅಂದುಕೊಂಡಳು. ಎದೆ ಹಗುರವಾಯಿತು.

"ಹೋಗ್ಲಿ, ನೀವೇ ಅಂತಲೇ ಇಟ್ಕೊಳೋಣ," ಎಂದ ಅವನು, ಅದೇ ಸಮಾಧಾನದಲ್ಲಿ. "ನೀವು ಕೈ ಹಾಕಿ, ಪಿನ್ ಬಿಚ್ಚಿ, ಎಳೆದು ತೆಗೆಯೋವರೆಗೂ ಅವಳಿಗೆ ಗೊತ್ತೇ ಆಗ್ಲಿಲ್ವಾ? ಮೈ ಮೇಲೆ ಯಾರು ಕೈ ಹಾಕಿದ್ರೂ ಗೊತ್ತಾಗದ ಹಾಗೆ ಕೂತಿರ್ತಾಳಾ ಅವಳು?"

ಅವನು ಉತ್ತರಕ್ಕೆ ಕಾಯಲಿಲ್ಲ. "ಬರ್ತೀನಿ ಅಕ್ಕ. ಮುತ್ತು ಸಣ್ಣದೇ ಹಾಕಿ," ಎಂದು ಎದ್ದು ಹೋದ. ಎದುರುಮನೆಯ ಬಾಗಿಲಿನ ಚಿಲಕ ಬಿತ್ತು. ಕಿಟಕಿಯಂತೂ ಸೋಮವಾರದಿಂದ ಮುಚ್ಚಿಯೇ ಇತ್ತು.

ಅವಳು ಕೂತಲ್ಲಿಂದಲೇ ಅಡುಗೆಮನೆಯಾಚೆಯ ಆ ಮುಚ್ಚಿದ ಕಿಟಕಿಯನ್ನು ನೋಡಿದಳು. ನಿಜ ಹೇಳಿದರೆ ಮುಗಿಯುತ್ತದೆ ಎಂದು ಇಷ್ಟು ದಿನ ಕಾದಿದ್ದಳು. ಈಗ ಅದೇ ನಿಜವನ್ನು ಅವನ ಕೈಗೆ ಕೊಟ್ಟು ಕಳಿಸಿದ್ದಳು. ಸಮಾಧಾನದ ಆ ದನಿ ಶುರುವಾಯಿತು. ಸರ್ವಮಂಗಳಾ ಎದ್ದಳು. ಕಾಲಿಗೆ ಚಪ್ಪಲಿಯಿಲ್ಲ, ಮೈಮೇಲೆ ನೈಟಿ, ಟವೆಲೂ ಇಲ್ಲ. ಹೋಗಿ ಬಾಗಿಲಿಗೆ ಅಂಗೈಯಿಂದ ಬಡಿದಳು. ತೆರೆಯಲಿಲ್ಲ. ಮುಷ್ಟಿ ಕಟ್ಟಿ ಬಡಿದಳು.

"ಯಾರೇ ಅದು ಬಾಗ್ಲು ಮುರೀತಿರೋಳು? ತೇಗದ ಮರ ಕಣೇ ಅದು," ಎಂದು ಕೆಳಗಿನಿಂದ ವಿಶಾಲಮ್ಮನವರ ದನಿ. ಅವರು ಮೆಟ್ಟಿಲು ಹತ್ತುವ, ಮಂಡಿನೋವಿಗೆ ನಿಂತು ನಿಂತು ಶಿವನನ್ನು ಕರೆಯುವ ಸದ್ದು. ಪಕ್ಕದ ತಾರಸಿಯಿಂದ ಯಾರೋ ಇಣುಕಿದರು.

ಬಾಗಿಲು ತೆರೆಯಿತು. ವಿಶ್ವಾರಾಧ್ಯ ಹೊಸ್ತಿಲಲ್ಲಿ ನಿಂತಿದ್ದ, ನಗುಮುಖ. ಅವನ ಹಿಂದೆ, ಗೋಡೆಯ ಹತ್ತಿರ ಮಾನ್ಯ. ಬೆಳಗಿನ ಸೀರೆ ಉಡಿಸುವುದು ಆಗಿತ್ತು.

ಏನು ಹೇಳಬೇಕೆಂದು ಸರ್ವಮಂಗಳಾ ಯೋಚಿಸಿಕೊಂಡು ಬಂದಿರಲಿಲ್ಲ. "ಮಾನ್ಯನ್ನ ಕಳ್ಸಿ," ಎಂದಳು. "ಶುಕ್ರವಾರಕ್ಕೆ ಬೇಕು ಅಂದ್ರಲ್ಲ. ಅಷ್ಟೊಂದು ಸೀರೆ, ಒಬ್ಬಳ ಕೈಲಿ ಆಗಲ್ಲ. ಬಂದು ಮುತ್ತು ಪೋಣಿಸಿಕೊಡ್ಲಿ."

"ಅವಳಿಗೆ ಹುಷಾರಿಲ್ಲ ಅಂದ್ನಲ್ಲ ಅಕ್ಕ."

"ಕೂತು ಮಾಡೋ ಕೆಲಸ ತಾನೆ?"

ಅಷ್ಟರಲ್ಲಿ ವಿಶಾಲಮ್ಮ ಮೇಲೆ ಬಂದಿದ್ದರು. ಕಂಬಿ ಹಿಡಿದು ಏದುಸಿರು ಬಿಡುತ್ತಾ ಮೂವರನ್ನೂ ನೋಡಿದರು. ಮಾನ್ಯಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಕಳ್ಸಪ್ಪ, ಅದಕ್ಕೇನು," ಎಂದರು. "ಹೆಣ್ಮಕ್ಳು ಕೂತು ನಾಲ್ಕು ಮಾತಾಡ್ಕೊಂಡು ಪೋಣಿಸ್ತಾರೆ. ಎದುರುಮನೆ ತಾನೆ."

ವಿಶ್ವಾರಾಧ್ಯ ತಾರಸಿಯ ಕಡೆ ನೋಡಿದ, ವಿಶಾಲಮ್ಮನವರ ಕಡೆ ನೋಡಿದ. ದನಿ ಎತ್ತಿ ಅಭ್ಯಾಸವಿಲ್ಲದವನು. ನಗು ಹಾಗೇ ಇತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯದ ಹಾಗಿತ್ತು. ಮಾನ್ಯ ಅವನ ಪಕ್ಕದಿಂದ, ಅವನಿಗೆ ತಗಲದಂತೆ ಮೈ ಮುದುಡಿಕೊಂಡು ಹೊರಗೆ ಬಂದಳು.

ಒಳಗೆ ಬಂದು ಸರ್ವಮಂಗಳಾ ಬಾಗಿಲ ಚಿಲಕ ಹಾಕಿದಳು, ಅಡುಗೆಮನೆಯ ಕಿಟಕಿ ಮುಚ್ಚಿದಳು. ಆ ಕಿಟಕಿಯ ಬಾಗಿಲು ವರ್ಷಗಳಿಂದ ಮುಚ್ಚದೆ ಬಿಗಿದುಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು. ಮಾನ್ಯ ಹಾಲಿನ ನಡುವೆ ನಿಂತೇ ಇದ್ದಳು.

"ಅವತ್ತು ಕೇಳಿದಾಗ ನೀವು ಹೇಳ್ಬೋದಿತ್ತು," ಎಂದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಎಂದಳು ಸರ್ವಮಂಗಳಾ.

ಮಾನ್ಯ ಫೋನ್ ಕೇಳಿದಳು. ಮತ್ತಿಕೆರೆಗೆ, ಅಣ್ಣ ಪ್ರಭುದೇವನಿಗೆ ಮಾಡಿದಳು. ನಂಬರು ಬಾಯಿಪಾಠವಾಗಿತ್ತು. ಬಾ ಎಂದಳು, ಈಗಲೇ ಬಾ ಎಂದಳು, ಯಾಕೆ ಎಂದು ಹೇಳಲಿಲ್ಲ. ಫೋನ್ ವಾಪಸ್ ಕೊಟ್ಟು, "ಒಂದು ನೈಟಿ ಇದ್ರೆ ಕೊಡಿ," ಎಂದಳು.

ರೂಮಿಗೆ ಹೋಗಿ ಬದಲಿಸಿಕೊಂಡು ಬಂದಾಗ ಸರ್ವಮಂಗಳಾಳಿಗೆ ಗುರುತೇ ಸಿಗಲಿಲ್ಲ. ದೊಗಳೆ ನೈಟಿ, ನೆಲಕ್ಕೆ ತಾಗುತ್ತಿತ್ತು. ಮಾನ್ಯ ಗೋಡೆಗೆ ಪೂರ್ತಿ ಒರಗಿ ಕೂತು ಕಾಲು ಚಾಚಿದಳು. ಇಷ್ಟು ಹೊತ್ತೂ ಪೇಪರ್ ಮಡಿಸಿ ಹಿಡಿದು ನಿಂತಿದ್ದ ಗೌರೀಶ್ ಅಡುಗೆಮನೆಗೆ ಹೋದ. ಲೋಟಗಳ ಸದ್ದಾಯಿತು. ಹಾಲು ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂದು ಕೂಗಿ ಕೇಳದೆ, ಹುಡುಕಿಕೊಂಡು ಕಾಫಿ ಮಾಡಿ, ಮಾನ್ಯಳ ಪಕ್ಕದಲ್ಲಿ ನೆಲದ ಮೇಲಿಟ್ಟ. "ಬಿಸಿ ಇದೆಯಮ್ಮ, ನೋಡ್ಕೊಂಡು," ಎಂದ. ಕುರ್ಚಿ ಎಳೆದುಕೊಂಡು ಹೋಗಿ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಮದುವೆಯಾಗಿ ಇಷ್ಟು ವರ್ಷದಲ್ಲಿ ತನಗೆ ಒಂದು ಲೋಟ ನೀರನ್ನೂ ತಂದುಕೊಟ್ಟವನಲ್ಲ. ಸರ್ವಮಂಗಳಾಳ ಹೊಟ್ಟೆಯೊಳಗೆ ಆ ಹಳೆಯ ಹುಳಿ ಸಣ್ಣಗೆ ಎದ್ದಿತು. ಈಗಲೂ, ಇಲ್ಲೂ, ಇವಳ ಮೇಲೂ. ತನ್ನ ಮೇಲೆಯೇ ಹೇಸಿಗೆಯಾಗಿ ಅವಳು ಮುತ್ತಿನ ಡಬ್ಬಿ ಎಳೆದುಕೊಂಡು ಕೂತಳು.

ಹೊರಗೆ ಯಾರೋ ಬಾಗಿಲನ್ನು ಮೆಲ್ಲಗೆ, ಮರ್ಯಾದೆಯಿಂದ ತಟ್ಟಿದರು. "ಮಾನ್ಯ, ತಿಂಡಿ ಆಗಿಲ್ಲ ನಿಂದು. ಬಾಮ್ಮ." ಅದೇ ಸಮಾಧಾನದ ದನಿ. ಗೌರೀಶ್ ಕುರ್ಚಿಯಿಂದ ಏಳಲಿಲ್ಲ. ಮತ್ತೊಮ್ಮೆ ತಟ್ಟಿದ ಸದ್ದು. ಕೆಳಗೆ ವಿಶಾಲಮ್ಮನವರು ಯಾರಿಗೋ ಆಟೋ ಇಲ್ಲೇ ಒಳಗೆ ತಿರುಗಿಸಿ ಎಂದು ದಾರಿ ಹೇಳುತ್ತಿದ್ದರು. ಪ್ರಭುದೇವ ಇಷ್ಟು ಬೇಗ ಬರಲಾರ, ಬೇರೆ ಯಾರೋ ಇರಬೇಕು.

ಮಾನ್ಯ ಎರಡೂ ಕೈಯಲ್ಲಿ ಲೋಟ ಹಿಡಿದು ಊದಿ ಊದಿ ಕಾಫಿ ಕುಡಿದಳು. ದೊಗಳೆ ನೈಟಿಯ ಕುತ್ತಿಗೆ ಒಂದು ಕಡೆಗೆ ಜಾರಿ, ಭುಜ, ಭುಜದ ಮೇಲಿನ ಆ ಚುಕ್ಕೆಗಳ ಸಾಲು ಹೊರಗೆ ಕಾಣುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಸರ್ವಮಂಗಳಾಳ ಕೈ ಅದನ್ನು ಸರಿಮಾಡಲು ತಾನಾಗಿಯೇ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವಳು ಅದನ್ನು ಹಿಂದಕ್ಕೆ ತಂದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.